ದಿನಕ್ಕೆ ಹತ್ತೇ ಪುಟ: ಓದನ್ನು ರೂಢಿ ಮಾಡಿಕೊಳ್ಳುವ ಬಗೆ

‘ಓದೋಕೆ ಆಸೆ ಇದೆ, ಪುರುಸೊತ್ತೇ ಸಿಗಲ್ಲ’ ಎನ್ನುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಸಾಧಾರಣ ಗಾತ್ರದ ಪುಸ್ತಕದ 10 ಪುಟ ಓದಲು ಇಪ್ಪತ್ತು ನಿಮಿಷದ ಆಸುಪಾಸು ಸಾಕು. ಈ ಲೆಕ್ಕದಲ್ಲಿ 200 ಪುಟದ ಪುಸ್ತಕ 20 ದಿನಕ್ಕೆ ಮುಗಿಯುತ್ತದೆ. ವರ್ಷಕ್ಕೆ 18 ಪುಸ್ತಕವಾಗುತ್ತದೆ. ಆದರೆ ಎಣಿಕೆ ಏರಿದ ಮಾತ್ರಕ್ಕೆ ತಿಳಿವಳಿಕೆ ಬೆಳೆಯುವುದಿಲ್ಲ. ಇವತ್ತು ಓದಿದ್ದಕ್ಕೂ ನಿನ್ನೆ ಓದಿದ್ದಕ್ಕೂ ಕೊಂಡಿ ಬೀಳಬೇಕು. ಅಂಥ ಓದಿಗೆ ಹೀಗೆ ತೊಡಗಬಹುದು.

1. ಹೊತ್ತು ಗೊತ್ತು ಮಾಡಿ

‘ಬಿಡುವಾದಾಗ ಓದೋಣ’ ಎಂದುಕೊಂಡರೆ ಆ ಬಿಡುವು ಬರುವುದೇ ಇಲ್ಲ. ದಿನವೂ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಓದನ್ನು ಕಟ್ಟಿ: ಬೆಳಗಿನ ಕಾಫಿ ಆದ ಮೇಲೆ, ಆಫೀಸಿನ ಬಸ್ಸು ಹತ್ತಿದ ಮೇಲೆ, ರಾತ್ರಿ ಊಟ ಮುಗಿದ ಮೇಲೆ. ಓದುವ ಪುಸ್ತಕ ಕಪಾಟಿನಲ್ಲಿರದೆ ಕೈಗೆ ಸಿಗುವಂತಿರಲಿ. ಆ ಇಪ್ಪತ್ತು ನಿಮಿಷ ಮೊಬೈಲು ಬೇರೆ ಕೋಣೆಯಲ್ಲಿ ಚಾರ್ಜ್ ಆಗುತ್ತಿರಲಿ.

2. ನಿಮ್ಮದೇ ಪ್ರಶ್ನೆಯಿಂದ ಶುರು ಮಾಡಿ

‘ಓದಲೇಬೇಕಾದ ನೂರು ಪುಸ್ತಕ’ದಂಥ ಪಟ್ಟಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಊರಿನ ಕೆರೆ ಏಕೆ ತುಂಬುತ್ತಿಲ್ಲ? ಅಪ್ಪನ ಸಕ್ಕರೆ ಕಾಯಿಲೆ ನನಗೂ ಬರುತ್ತದೆಯೆ? ಹೀಗೆ ನಿಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆ ಹಿಡಿಯಿರಿ. ಉತ್ತರ ಬೇಕೆಂಬ ತವಕವಿದ್ದಾಗ ಪುಟಗಳು ತಾವಾಗಿ ಸಾಗುತ್ತವೆ.

3. ಒಂದರಿಂದ ಇನ್ನೊಂದಕ್ಕೆ ಹೋಗಿ

ಮಲೆನಾಡಿನ ಕಾಡಿನ ಬಗ್ಗೆ ಕುತೂಹಲವಿದೆ ಎಂದುಕೊಳ್ಳಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮೊದಲ ಮೆಟ್ಟಿಲಾಗಲಿ. ಹಾರುವ ಓತಿಯನ್ನು ಹುಡುಕಿ ಹೊರಡುವ ಆ ಕಾದಂಬರಿಯನ್ನು ಕೈಗೆತ್ತಿಕೊಂಡವರು ಕೆಳಗಿಡುವುದು ಕಷ್ಟ. ಅಲ್ಲಿಂದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿಗೆ ಬನ್ನಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರ ಹುಡುಕುತ್ತ ಪಶ್ಚಿಮ ಘಟ್ಟ ಸುತ್ತಿದ ಸಸ್ಯಶಾಸ್ತ್ರದ ಮೇಷ್ಟ್ರು ಬರೆದ ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನೂ ಆಳಕ್ಕೆ ಇಳಿಯಬೇಕೆನಿಸಿದರೆ ಶಿವರಾಮ ಕಾರಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವಿದೆ. ಕಥೆಯಲ್ಲಿ ಹುಟ್ಟಿದ ಬೆರಗು ಹೀಗೆ ಹಂತ ಹಂತವಾಗಿ ಅರಿವಾಗುತ್ತದೆ.

4. ನಾಲ್ಕು ಸಾಲು ಬರೆದಿಡಿ

ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಪುಸ್ತಕದ ಹೆಸರು, ಪುಟ ಸಂಖ್ಯೆ. ಅದರ ಕೆಳಗೆ ಹೊಸದಾಗಿ ತಿಳಿದ ಒಂದು ಸಂಗತಿ, ಎದ್ದ ಒಂದು ಪ್ರಶ್ನೆ. ಉದಾಹರಣೆಗೆ: ‘ಹಾರುವ ಓತಿಗೆ ರೆಕ್ಕೆ ಇಲ್ಲ. ಅಗಲಿಸಿದ ಪಕ್ಕೆಲುಬುಗಳ ಮೇಲಿನ ಚರ್ಮವೇ ಅದನ್ನು ತೇಲಿಸುವುದು. ಮುಖ್ಯ ಆಹಾರ ಇರುವೆ. ತೋಟಕ್ಕೆ ಔಷಧಿ ಹೊಡೆದರೆ ಇದರ ಗತಿ?’ ಮುಂದಿನ ಪುಸ್ತಕ ಯಾವುದೆಂದು ಆ ಕೊನೆಯ ಪ್ರಶ್ನೆಯೇ ಹೇಳುತ್ತದೆ. ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆಯಿರಿ. ನೋಡಿ ನಕಲು ಮಾಡಿದ್ದು ತಲೆಯಲ್ಲಿ ನಿಲ್ಲುವುದಿಲ್ಲ.

5. ಗ್ರಂಥಾಲಯದ ಸದಸ್ಯರಾಗಿ

ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಹೋಗುತ್ತದೆ. ಅಂದರೆ ಅಲ್ಲಿನ ಪುಸ್ತಕಗಳು ನಮ್ಮ ದುಡ್ಡಿನವೇ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಸದಸ್ಯರಾದರೆ ಪುಸ್ತಕ ಮನೆಗೂ ತರಬಹುದು. ಹಿಂದಿರುಗಿಸುವ ತಾರೀಕು ಇರುವುದರಿಂದ ಓದೂ ಮುಂದೆ ಬೀಳುವುದಿಲ್ಲ.

6. ತಪ್ಪಿದ ದಿನಕ್ಕೆ ಕೊರಗಬೇಡಿ

ಮದುವೆ, ಜ್ವರ, ಪ್ರಯಾಣದಿಂದ ಓದು ತಪ್ಪುವುದುಂಟು. ಮರುದಿನ 20 ಪುಟ ಓದಿ ಬಾಕಿ ತೀರಿಸಲು ಹೋಗದೆ ಮಾಮೂಲಿನ ಹತ್ತಕ್ಕೇ ಮರಳಿ. ಮೂವತ್ತು ನಲವತ್ತು ಪುಟ ದಾಟಿದರೂ ಪುಸ್ತಕ ಹಿಡಿಸದಿದ್ದರೆ ಬದಲಿಸಿ. ಇಂದು ಒಗ್ಗದ ಪುಸ್ತಕ ನಾಲ್ಕು ವರ್ಷ ಕಳೆದು ಒಗ್ಗೀತು.

7. ಓದಿದ್ದನ್ನು ಹೇಳಿ

ವಾರಕ್ಕೊಮ್ಮೆ ಊಟದ ಹೊತ್ತಿನಲ್ಲಿ ಮನೆಯವರೆಲ್ಲ ತಾವು ಓದಿದ ಒಂದೊಂದು ಸಂಗತಿ ಹೇಳಿಕೊಳ್ಳಲಿ. ಹೇಳಲು ಹೋಗಿ ತಡವರಿಸಿದಾಗಲೇ ಎಲ್ಲಿ ಅರ್ಥವಾಗಿಲ್ಲ ಎಂಬುದು ಗೊತ್ತಾಗುತ್ತದೆ. ಪುಸ್ತಕವನ್ನು ಮತ್ತೆ ತೆರೆಯಬೇಕಾಗುತ್ತದೆ. ಮಕ್ಕಳಿಗೆ ‘ಓದು, ಓದು’ ಎಂದು ಹೇಳುವ ಕೆಲಸವೂ ಆಗ ಉಳಿಯುವುದಿಲ್ಲ. ಅಪ್ಪ ಅಮ್ಮ ಓದುವುದನ್ನು ದಿನವೂ ಕಾಣುವ ಮಕ್ಕಳಿಗೆ ಓದು ಮನೆಯ ನಿತ್ಯದ ಕೆಲಸಗಳಲ್ಲಿ ಒಂದಾಗುತ್ತದೆ. ಓದಿನ ರೂಢಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಹೀಗೆಯೇ.