ಹುಲ್ಲುಬಯಲಿಗೆ ಬರುವ ಕೆಂಪು ಮೀನು

ಹುಣ್ಣಿಮೆ ಅಮಾವಾಸ್ಯೆಗಳಂದು ಕಡಲು ಹೆಚ್ಚಾಗಿ ಉಕ್ಕುವುದೆಂಬುದನ್ನು ನಮ್ಮ ಕಾಸರಗೋಡಿನ ಕರಾವಳಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಅಳಿವೆಯ ಉಪ್ಪುನೀರು ಆ ದಿನಗಳಲ್ಲಿ ಎಷ್ಟು ಒಳಕ್ಕೆ ಏರಿಬರುವುದೆಂಬುದನ್ನು ಅವರು ಕಣ್ಣಾರೆ ಕಂಡವರೇ ಆಗಿದ್ದಾರೆ. ಇದೇ ಚಂದ್ರನು ಭೂಮಿಯ ಆಚೆಯ ಮಗ್ಗುಲಿನಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನದ ಆಗ್ನೇಯ ಕರಾವಳಿಯಲ್ಲಿ, ಒಂದು ಮೀನನ್ನು ಆಳವಾದ ನೀರಿನಿಂದ ಎಬ್ಬಿಸಿ, ಹುಲ್ಲು ಬೆಳೆದ ಬಯಲಿಗೆ ಮೇವಿಗಾಗಿ ಕರೆತರುತ್ತಾನೆ. ಆ ಮೀನನ್ನು ಕಾದು ನಿಲ್ಲುವ ಮನುಷ್ಯನು ಕೈಯಲ್ಲಿ ಗಾಳದ ಕೋಲನ್ನು ಹಿಡಿದಿರುತ್ತಾನೆ. ಆದರೆ ಹಿಡಿದ ಮೀನನ್ನು ಅನೇಕ ವೇಳೆ ಅವನು ಮರಳಿ ನೀರಿಗೇ ಬಿಟ್ಟು ಮನೆಗೆ ಹೋಗುತ್ತಾನೆ. ಇದೇಕೆಂಬುದನ್ನು ವಿಚಾರಮಾಡುವುದೇ ಈ ಪಾಠದ ಉದ್ದೇಶ.

ನಮ್ಮ ತರಗತಿಗಳಲ್ಲಿ ಭರತ ಇಳಿತಗಳನ್ನು ಭೂಗೋಳದ ಪುಸ್ತಕದಲ್ಲಿ ಓದುತ್ತೇವೆ; ಮೀನನ್ನು ಪ್ರಾಣಿಶಾಸ್ತ್ರದಲ್ಲಿ, ಹುಲ್ಲನ್ನು ಸಸ್ಯಶಾಸ್ತ್ರದಲ್ಲಿ, ಕಾನೂನನ್ನು ಪೌರನೀತಿಯಲ್ಲಿ ಓದುತ್ತೇವೆ. ಪ್ರಕೃತಿಯಲ್ಲಿಯಾದರೋ ಈ ನಾಲ್ಕೂ ಒಂದೇ ಪುಟದಲ್ಲಿ ಬರೆದಿರುತ್ತವೆ. ಈ ಮೀನಿನ ಕಥೆ ಅಂತಹ ಒಂದು ಪುಟ.

ಮೀನಿನ ಪರಿಚಯ

ಇದನ್ನು ಅಲ್ಲಿಯ ಜನರು ರೆಡ್‌ಫಿಶ್, ಎಂದರೆ ಕೆಂಪು ಮೀನು, ಎಂದು ಕರೆಯುತ್ತಾರೆ. ರೆಡ್ ಡ್ರಂ ಎಂಬುದು ಇನ್ನೊಂದು ಹೆಸರು. ಡ್ರಂ ಎಂದರೆ ನಗಾರಿ. ಮೊಟ್ಟೆಯಿಡುವ ಕಾಲದಲ್ಲಿ ಗಂಡು ಮೀನು ತನ್ನ ಹೊಟ್ಟೆಯೊಳಗಿನ ಗಾಳಿಚೀಲದ ಪಕ್ಕದ ಸ್ನಾಯುಗಳನ್ನು ಅದುರಿಸಿ ನಗಾರಿಯಂತಹ ಸದ್ದನ್ನು ಹೊರಡಿಸುತ್ತದೆ. ಹೀಗೆ ಸದ್ದು ಮಾಡುವ ಮೀನುಗಳದೇ ಒಂದು ದೊಡ್ಡ ಕುಟುಂಬವಿದೆ. ನಮ್ಮ ಅರಬ್ಬೀ ಸಮುದ್ರದಲ್ಲಿ ದೊರೆಯುವ, ಮರಾಠಿ ಬೆಸ್ತರು ಘೋಳ್ ಎಂದು ಕರೆಯುವ ಬೆಲೆಬಾಳುವ ಮೀನು ಸಹ ಇದೇ ಕುಟುಂಬಕ್ಕೆ ಸೇರಿದುದು.

ಕೆಂಪು ಮೀನಿನ ಮೈ ತಾಮ್ರದ ಬಣ್ಣದ್ದು. ಬಾಲದ ಬುಡದಲ್ಲಿ ಕಣ್ಣಿನಂತೆ ತೋರುವ ಒಂದು ಕಪ್ಪು ಬೊಟ್ಟು ಇರುತ್ತದೆ. ಕೆಲವು ಮೀನುಗಳಿಗೆ ಒಂದಕ್ಕಿಂತ ಹೆಚ್ಚು ಬೊಟ್ಟುಗಳೂ ಇರುವುದುಂಟು. ಶತ್ರುವು ಈ ಬೊಟ್ಟನ್ನೇ ಕಣ್ಣೆಂದು ಭ್ರಮಿಸಿ ತಲೆಯ ಬದಲು ಬಾಲದ ಕಡೆಗೆ ಎರಗುವುದೆಂದೂ, ಅಷ್ಟರಲ್ಲಿ ಮೀನು ಪಾರಾಗುವುದೆಂದೂ ಊಹಿಸುತ್ತಾರೆ. ಬಾಯಿ ಮುಖದ ಕೆಳಭಾಗದಲ್ಲಿದೆ. ಆದುದರಿಂದ ನೆಲದ ಮೇಲಿನ ಏಡಿ ಸಿಗಡಿಗಳನ್ನು ಹೆಕ್ಕಿ ತಿನ್ನಲು ಅದು ತಲೆಯನ್ನು ಕೆಳಗೆ ಮಾಡಬೇಕಾಗುತ್ತದೆ. ಈ ಸಣ್ಣ ಸಂಗತಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು; ಮುಂದೆ ಇದರ ಪ್ರಯೋಜನ ತಿಳಿಯುವುದು.

ಈ ಮೀನು ದೀರ್ಘಾಯುಷಿ. ಅಟ್ಲಾಂಟಿಕ್ ತೀರದಲ್ಲಿ ಅರುವತ್ತು ವರ್ಷ ಬದುಕಿದ ಮೀನುಗಳು ಕಂಡುಬಂದಿವೆ. ೧೯೮೪ರಲ್ಲಿ ಉತ್ತರ ಕೆರೊಲಿನಾದಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು ೯೪ ಪೌಂಡು ತೂಗಿತು. ಆದರೆ ಇಷ್ಟು ದೊಡ್ಡ ಪ್ರಾಣಿಯ ಬಾಲ್ಯವು ಬಲು ಕೋಮಲ. ಬೇಸಗೆಯ ಕೊನೆಯಿಂದ ಶರತ್ಕಾಲದವರೆಗೆ ದೊಡ್ಡ ಮೀನುಗಳು ಅಳಿವೆಯ ಬಾಯಿಯ ಸಮೀಪದಲ್ಲಿ ಮೊಟ್ಟೆಯಿಡುತ್ತವೆ. ಒಂದೊಂದು ಹೆಣ್ಣು ಲಕ್ಷಾಂತರ ಮೊಟ್ಟೆಗಳನ್ನಿಡುತ್ತದೆ. ಸುಮಾರು ಒಂದು ದಿನದಲ್ಲಿ ಅವು ಒಡೆದು ಮರಿಗಳಾಗುತ್ತವೆ. ಭರತದ ನೀರು ಆ ಮರಿಗಳನ್ನು ಒಳನಾಡಿನ ಕಡೆಗೆ, ಹುಲ್ಲು ಬೆಳೆದ ಜೌಗಿನ ತೊರೆಗಳಿಗೆ ಒಯ್ಯುತ್ತದೆ. ಮೂರು ನಾಲ್ಕು ವರ್ಷ ಅವು ಅಲ್ಲಿಯೇ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಕಡಲನ್ನು ಸೇರುತ್ತವೆ. ಹುಲ್ಲುಬಯಲು ಈ ಮೀನಿಗೆ ತೊಟ್ಟಿಲು, ಅಡುಗೆಮನೆ, ಪಾಠಶಾಲೆ ಎಲ್ಲವೂ ಆಗಿದೆ.

ಹುಲ್ಲು, ನೀರು, ಚಂದ್ರ

ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ರಾಜ್ಯಗಳ ತೀರದಲ್ಲಿ ಸ್ಪಾರ್ಟಿನಾ ಎಂಬ ಹುಲ್ಲು ಮೈಲಿಗಟ್ಟಲೆ ಬೆಳೆಯುತ್ತದೆ. ಉಪ್ಪುನೀರಿನಲ್ಲಿ ಬೇರೂರಿ ಬದುಕಬಲ್ಲ ಹುಲ್ಲು ಇದು. ಎಲೆಗಳ ಮೂಲಕ ಹೆಚ್ಚಿನ ಉಪ್ಪನ್ನು ಹೊರಹಾಕುತ್ತದೆ. ಈ ಜೌಗಿನ ಕೆಲವು ಭಾಗಗಳು ಸ್ವಲ್ಪ ಎತ್ತರವಾಗಿಯೂ ನೆಲ ಗಟ್ಟಿಯಾಗಿಯೂ ಇರುತ್ತವೆ. ಅಲ್ಲಿ ಹುಲ್ಲು ಮೊಣಕಾಲೆತ್ತರಕ್ಕೆ ಮಿಗದು. ಸಾಮಾನ್ಯ ಭರತದ ನೀರು ಈ ಬಯಲನ್ನು ಮುಟ್ಟುವುದಿಲ್ಲ. ಅದು ಫಿಡ್ಲರ್ ಎಂಬ ಏಡಿಗಳ ರಾಜ್ಯ. ಗಂಡು ಏಡಿಯ ಒಂದು ಕೊಂಡಿ ಬಹಳ ದೊಡ್ಡದು, ಇನ್ನೊಂದು ಬಹಳ ಚಿಕ್ಕದು. ಅದು ಅವನ್ನು ಆಡಿಸುವಾಗ ಪಿಟೀಲು ಬಾರಿಸುವವನಂತೆ ತೋರುವುದರಿಂದ ಆ ಹೆಸರು ಬಂದಿತು.

ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುವು. ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ಭರತವು ಮತ್ತಷ್ಟು ಎತ್ತರಕ್ಕೆ ಏರುತ್ತದೆ. ಆಗ ಆ ಬಯಲಿನ ಮೇಲೆ ಒಂದೆರಡು ಅಡಿ ನೀರು ನಿಲ್ಲುವುದು. ನೀರಿನ ಅಂಚಿನೊಡನೆಯೇ ಕೆಂಪು ಮೀನು ಹುಲ್ಲಿನೊಳಗೆ ನುಗ್ಗುತ್ತದೆ. ತಲೆಯನ್ನು ನೆಲಕ್ಕೆ ಊರಿ ಏಡಿಯನ್ನು ಹುಡುಕುವಾಗ, ನೀರು ಆಳವಿಲ್ಲದುದರಿಂದ, ಅದರ ಬಾಲವು ನೀರಿನ ಮೇಲೆ ಎದ್ದು ನಿಂತು ಬಿಸಿಲಿಗೆ ತಾಮ್ರದ ತಗಡಿನಂತೆ ಹೊಳೆಯುತ್ತದೆ. ಮೇಲೆ ಹೇಳಿದ ಕೆಳಬಾಯಿಯ ಫಲ ಇದು. ಒಂದೆರಡು ಗಂಟೆಗಳಲ್ಲಿ ನೀರು ಇಳಿಯತೊಡಗುತ್ತದೆ, ಮೀನೂ ಹಿಂದಿರುಗುತ್ತದೆ. ತಡಮಾಡಿದರೆ ಒಣನೆಲದ ಮೇಲೆ ಸಿಕ್ಕಿಬೀಳಬೇಕಾದೀತೆಂಬುದು ಅದಕ್ಕೆ ಗೊತ್ತಿರುವಂತೆ ಕಾಣುತ್ತದೆ.

ನೊಣದ ಗಾಳ

ಈ ಬಾಲವನ್ನು ಕಂಡು ಗಾಳವನ್ನು ಬೀಸುವುದು ಒಂದು ವಿದ್ಯೆ. ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಭಾರವು ದಾರವನ್ನು ಎಳೆದೊಯ್ಯುತ್ತದೆ. ನೊಣದ ಗಾಳದಲ್ಲಿ ಇದಕ್ಕೆ ವಿಪರೀತ. ಇಲ್ಲಿ ಕೊಕ್ಕೆಗೆ ಗರಿ, ರೋಮ, ನೂಲುಗಳನ್ನು ಸುತ್ತಿ ಹುಳುವಿನ ಅಥವಾ ಏಡಿಯ ಆಕಾರವನ್ನು ಮಾಡಿರುತ್ತಾರೆ. ಅದು ಬಹಳ ಹಗುರ. ದಾರವೇ ದಪ್ಪವಾಗಿಯೂ ಭಾರವಾಗಿಯೂ ಇರುತ್ತದೆ. ಸುಮಾರು ಒಂಬತ್ತು ಅಡಿಯ ಬಳುಕುವ ಕೋಲಿನಿಂದ ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ, ಅದು ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಹೋಗಿ ಕೃತಕ ಏಡಿಯನ್ನು ಮೆಲ್ಲನೆ ನೀರಿನಲ್ಲಿರಿಸುತ್ತದೆ. ಮೀನಿನ ತಲೆಯ ಮೇಲೆಯೇ ಬಿದ್ದರೆ ಅದು ಬೆದರಿ ಓಡುವುದು. ದೂರ ಬಿದ್ದರೆ ಹುಲ್ಲಿನ ನಡುವೆ ಅದಕ್ಕೆ ಕಾಣಿಸದು. ಅದು ಸಾಗುವ ದಾರಿಯಲ್ಲಿ, ಒಂದೆರಡು ಅಡಿ ಮುಂದೆ ಬೀಳಬೇಕು. ಕೊಕ್ಕೆಯು ಹುಲ್ಲಿಗೆ ಸಿಕ್ಕಿಕೊಳ್ಳದಂತೆ ಅದರ ಮುಂದೆ ಗಡುಸಾದ ಎಳೆಯೊಂದನ್ನು ಕಟ್ಟಿರುತ್ತಾರೆ. ಮೀನು ಕಚ್ಚಿದೊಡನೆ ಕೋಲನ್ನು ಎತ್ತಬಾರದು. ಕೈಯಿಂದ ದಾರವನ್ನು ನೇರವಾಗಿ ಎಳೆಯಬೇಕು. ಅದು ತಪ್ಪಿದರೂ ಏಡಿಯು ಮೀನಿನ ಮುಂದೆಯೇ ಉಳಿದು, ಇನ್ನೊಮ್ಮೆ ಕಚ್ಚುವ ಅವಕಾಶವಿರುತ್ತದೆ.

ಈ ವಿದ್ಯೆ ಹಳೆಯದು. ಸುಮಾರು ೧೮೦೦ ವರ್ಷಗಳ ಹಿಂದೆ ಈಲಿಯನ್ ಎಂಬ ರೋಮನ್ ಲೇಖಕನು ಮ್ಯಾಸಿಡೋನಿಯಾದ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನೂ ಗರಿಗಳನ್ನೂ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಗಾಳದ ವಿನೋದಕ್ಕೆ ಶಾಸ್ತ್ರದ ಸ್ಥಾನವನ್ನು ಕೊಟ್ಟವರಲ್ಲಿ ನಮ್ಮ ನಾಡಿನವನೊಬ್ಬನೂ ಇದ್ದಾನೆಂಬುದು ಸಂತೋಷದ ಸಂಗತಿ. ಕಲ್ಯಾಣದ ಚಾಳುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವಿದ್ದು, ಅದರಲ್ಲಿ ಮೀನಿನ ಜಾತಿಗಳು, ಅವುಗಳಿಗೆ ಹಾಕಬೇಕಾದ ಎರೆ, ಗಾಳದಿಂದ ಹಿಡಿಯುವ ಕ್ರಮ ಇವುಗಳ ವಿವರಣೆಯಿದೆ.

ಋತುಗಳಿಗೆ ತಕ್ಕ ನಡೆ

ವರ್ಷವೆಲ್ಲ ಒಂದೇ ಬಗೆಯಲ್ಲಿ ಈ ಮೀನು ದೊರೆಯುವುದಿಲ್ಲ. ವಸಂತದಲ್ಲಿ ನೆಲ ಬಿಸಿಯಾಗಿ ಏಡಿಗಳು ಬಿಲದಿಂದ ಹೊರಬರುತ್ತವೆ. ಮೀನು ಹುಲ್ಲಿನ ಕಡೆಗೆ ಮುಖಮಾಡುತ್ತದೆ. ಬೇಸಗೆಯು ಹುಲ್ಲುಬಯಲಿನ ಮುಖ್ಯ ಕಾಲ. ಆದರೆ ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆಯಾಗಿರುವುದರಿಂದ, ಆಗ ಮೀನನ್ನು ಬಹಳ ಹೊತ್ತು ಆಡಿಸಿ ದಣಿಸಿದರೆ, ಬಿಟ್ಟ ಮೇಲೂ ಅದು ಸಾಯಬಹುದು. ಶರತ್ಕಾಲದಲ್ಲಿ ಕಡಲಿನ ಮಟ್ಟವು ಆ ತೀರದಲ್ಲಿ ಸಹಜವಾಗಿಯೇ ಸ್ವಲ್ಪ ಎತ್ತರವಾಗಿರುವುದರಿಂದ ದೊಡ್ಡ ಭರತಗಳು ಹೆಚ್ಚು. ದೊಡ್ಡ ಮೀನುಗಳು ಮೊಟ್ಟೆಯಿಡಲು ಅಳಿವೆಯ ಬಾಯಿಯಲ್ಲಿ ಕೂಡುವುದೂ ಆಗಲೇ. ಚಳಿಗಾಲದಲ್ಲಿ ಹುಲ್ಲು ಕಂದಿ, ಏಡಿಗಳು ಬಿಲ ಸೇರುತ್ತವೆ. ಆಗ ಕಿರಿಯ ಮೀನುಗಳು ಡಾಲ್ಫಿನ್‌ಗಳಿಗೆ ಅಂಜಿ, ಇಳಿತದ ಹೊತ್ತಿನಲ್ಲಿ, ಅವು ಬರಲಾರದಷ್ಟು ತೆಳುವಾದ ನೀರಿನಲ್ಲಿ ಗುಂಪುಗೂಡಿ ನಿಲ್ಲುತ್ತವೆ. ಹೀಗೆ ಬೇಸಗೆಯಲ್ಲಿ ಭರತವನ್ನೂ ಚಳಿಗಾಲದಲ್ಲಿ ಇಳಿತವನ್ನೂ ನೋಡಿಕೊಂಡು ಹೋಗುವವನೇ ಜಾಣ. ಪಂಚಾಂಗವನ್ನು ನೋಡದೆ ಈ ಬೇಟೆಗೆ ಹೊರಡುವಂತಿಲ್ಲ!

ಒಂದು ಅಡುಗೆಯಿಂದ ಬಂದ ಆಪತ್ತು

ಇನ್ನು ಕಥೆಯ ಕಹಿಭಾಗ. ಈ ಮೀನು ಟೆಕ್ಸಾಸಿನಲ್ಲಿಯೂ ಬಹಳ ಕಾಲದಿಂದ ಜನಪ್ರಿಯವಾದುದು. ಅಲ್ಲಿ ಬಲೆಗಳ ಹಾವಳಿಯಿಂದ ಮೀನು ಕಡಿಮೆಯಾದುದನ್ನು ಕಂಡು ೧೯೭೭ರಲ್ಲಿ ಗಾಳದವರು ಕೆಲವರು ಸೇರಿ ಒಂದು ಸಂಘವನ್ನು ಕಟ್ಟಿದರು. ೧೯೮೧ರಲ್ಲಿ ಆ ರಾಜ್ಯವು ತನ್ನ ನೀರಿನಲ್ಲಿ ಹಿಡಿದ ಕೆಂಪು ಮೀನಿನ ಮಾರಾಟವನ್ನು ಕಾನೂನಿನಿಂದ ನಿಲ್ಲಿಸಿತು. ಅಷ್ಟರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಪಾಲ್ ಪ್ರುಡಾಮ್ ಎಂಬ ಪಾಕಪ್ರವೀಣರು ಈ ಮೀನಿನ ತುಂಡನ್ನು ಬೆಣ್ಣೆಯಲ್ಲಿ ಅದ್ದಿ, ಮಸಾಲೆ ಸವರಿ, ಕೆಂಡದಂತೆ ಕಾದ ಕಬ್ಬಿಣದ ಬಾಣಲೆಯಲ್ಲಿ ಹೊರಮೈ ಕಪ್ಪಾಗುವಂತೆ ಹುರಿಯುವ ಒಂದು ಅಡುಗೆಯನ್ನು ಪ್ರಸಿದ್ಧಿಗೆ ತಂದರು. ಅದರ ರುಚಿ ದೇಶವನ್ನೆಲ್ಲ ಸೆಳೆಯಿತು. ಕಡಲಿನಲ್ಲಿ ಗುಂಪಾಗಿದ್ದ ದೊಡ್ಡ ಮೀನುಗಳನ್ನು, ಎಂದರೆ ಸಂತತಿಯ ತಾಯಿತಂದೆಗಳನ್ನೇ, ವಿಮಾನದಿಂದ ಗುರುತಿಸಿ, ದೊಡ್ಡ ಬಲೆಗಳಿಂದ ಸುತ್ತಿ ಹಿಡಿಯತೊಡಗಿದರು. ಅಡುಗೆಯವರ ತಪ್ಪೇನೂ ಇಲ್ಲ. ರುಚಿಗೆ ಮಿತಿಯಿದ್ದರೂ ಆಸೆಗೆ ಮಿತಿಯಿಲ್ಲದೆ ಹೋಯಿತು. ೧೯೮೬ರಲ್ಲಿ ಕೇಂದ್ರ ಸರ್ಕಾರವು ಮೆಕ್ಸಿಕೋ ಕೊಲ್ಲಿಯ ತನ್ನ ಅಧೀನದ ನೀರಿನಲ್ಲಿ ಈ ವ್ಯಾಪಾರವನ್ನು ತುರ್ತಾಗಿ ತಡೆಯಬೇಕಾಯಿತು. ೨೦೦೭ರ ಅಕ್ಟೋಬರ್ ೨೦ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಅವರು ಕೇಂದ್ರದ ಅಧೀನದ ನೀರಿನಲ್ಲಿ ಹಿಡಿದ ಕೆಂಪು ಮೀನಿನ ಮಾರಾಟದ ವಿರುದ್ಧ ಆಜ್ಞೆಯನ್ನು ಹೊರಡಿಸಿದರು.

ಗಾಳದವರಿಗೂ ನಿಯಮಗಳು ಬಂದವು. ಫ್ಲಾರಿಡಾದ ನಿಯಮದಲ್ಲಿ ೧೮ ಅಂಗುಲಕ್ಕಿಂತ ಚಿಕ್ಕ ಮೀನನ್ನೂ ೨೭ ಅಂಗುಲಕ್ಕಿಂತ ದೊಡ್ಡ ಮೀನನ್ನೂ ಇಟ್ಟುಕೊಳ್ಳುವಂತಿಲ್ಲ. ಚಿಕ್ಕದು ಬೆಳೆಯಬೇಕಾದುದು, ದೊಡ್ಡದು ಸಂತಾನವನ್ನು ಕೊಡುವಂತಹುದು. ನಡುವಿನವುಗಳಲ್ಲಿ ಕೆಲವನ್ನು ಮಾತ್ರ ಮನುಷ್ಯನು ತೆಗೆದುಕೊಳ್ಳಬಹುದು. ಬೀಜದ ಭತ್ತವನ್ನು ಬೇಯಿಸಿ ಉಣ್ಣಬಾರದೆಂಬ ನಮ್ಮ ರೈತನ ವಿವೇಕವೇ ಇದು. ಬಿಡುವಾಗಲೂ ಕ್ರಮವುಂಟು: ಕೈಯನ್ನು ನೀರಿನಲ್ಲಿ ನೆನೆಸಿಕೊಂಡೇ ಮೀನನ್ನು ಮುಟ್ಟಬೇಕು, ಒಣಗಿದ ಕೈ ಅದರ ಮೈಯ ಲೋಳೆಯನ್ನು ಒರಸಿ ರೋಗಕ್ಕೆ ದಾರಿಮಾಡುತ್ತದೆ. ಹೊಟ್ಟೆಗೆ ಆಸರೆ ಕೊಟ್ಟು, ಸಾಧ್ಯವಾದಷ್ಟು ನೀರಿನಲ್ಲಿಯೇ ಹಿಡಿದು, ಅದು ತಾನಾಗಿ ಈಜಿಹೋಗುವವರೆಗೆ ಕಾಯಬೇಕು.

ಇಷ್ಟಾದರೂ ಕೆಲಸ ಮುಗಿದಿಲ್ಲ. ದಕ್ಷಿಣ ಕೆರೊಲಿನಾದಿಂದ ಫ್ಲಾರಿಡಾದವರೆಗಿನ ಅಟ್ಲಾಂಟಿಕ್ ತೀರದಲ್ಲಿ ಈ ಮೀನನ್ನು ಮಿತಿಮೀರಿ ಹಿಡಿಯಲಾಗಿದೆಯೆಂದು ೨೦೨೪ರ ಪರಿಶೀಲನೆಯಿಂದ ತಿಳಿದುಬಂದಿತು. ಬಲೆಯೊಂದೇ ಅಲ್ಲ, ವಿನೋದದ ಗಾಳವೂ ಬಹುಮಂದಿಯ ಕೈಸೇರಿದಾಗ ಭಾರವಾಗುತ್ತದೆ.

ಹುಲ್ಲು ಅಳಿದಾಗ

ಫ್ಲಾರಿಡಾದ ಪೂರ್ವತೀರದಲ್ಲಿ ಇಂಡಿಯನ್ ರಿವರ್ ಲಗೂನ್ ಎಂಬ ಉದ್ದವಾದ ಹಿನ್ನೀರಿದೆ. ಅಲ್ಲಿಯ ಹುಲ್ಲು ಸ್ಪಾರ್ಟಿನಾದಂತೆ ನೀರಿನ ಮೇಲೆ ತಲೆಯೆತ್ತುವುದಲ್ಲ. ಪೂರ್ಣವಾಗಿ ನೀರಿನೊಳಗೇ ಬೆಳೆಯುವ ಕಡಲಹುಲ್ಲು. ಕೆಂಪು ಮೀನಿಗೆ ಅದು ಹೆಸರಾದ ತಾಣವಾಗಿತ್ತು. ಮನೆಗಳ ಕೊಳೆನೀರೂ ಗೊಬ್ಬರದ ಸಾರವೂ ವರ್ಷಗಳ ಕಾಲ ಅದರೊಳಕ್ಕೆ ಹರಿದುವು. ೨೦೧೧ರಲ್ಲಿ ಪಾಚಿಯು ಅತಿಯಾಗಿ ಬೆಳೆದು ನೀರು ಮಬ್ಬಾಯಿತು. ಬಿಸಿಲು ತಳವನ್ನು ಮುಟ್ಟದೆ ಹುಲ್ಲು ಸತ್ತಿತು. ಮುಂದಿನ ವರ್ಷಗಳಲ್ಲಿ ಅರ್ಧಕ್ಕೂ ಮಿಕ್ಕ ಹುಲ್ಲು ನಾಶವಾಯಿತು. ಈ ಹುಲ್ಲನ್ನೇ ಮೇದು ಬದುಕುವ ಮ್ಯಾನಟೀ ಎಂಬ ದೊಡ್ಡ ಸಾಧು ಪ್ರಾಣಿಗಳು ಹಸಿವಿನಿಂದ ಸತ್ತುವು. ೨೦೨೧ರಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಒಟ್ಟು ಸಾವಿರಕ್ಕೂ ಹೆಚ್ಚು ಮ್ಯಾನಟೀಗಳು ಮಡಿದುವು. ೨೦೨೨ರಲ್ಲಿ ಆ ಹಿನ್ನೀರಿನಲ್ಲಿ ಹಿಡಿದ ಪ್ರತಿಯೊಂದು ಕೆಂಪು ಮೀನನ್ನೂ ಬಿಟ್ಟುಬಿಡಬೇಕೆಂಬ ನಿಯಮವು ಬಂದಿತು.

ಇಲ್ಲಿ ನಾವು ಗಮನಿಸಬೇಕಾದ ಭೇದವೊಂದಿದೆ. ಬಲೆಯಿಂದ ಬಂದ ಆಪತ್ತನ್ನು ಒಂದು ಕಾನೂನಿನಿಂದ ತಡೆಯಬಹುದು. ಮೀನಿಗೆ ಕಾಲಾವಕಾಶ ಕೊಟ್ಟರೆ ಅದು ಮತ್ತೆ ಹೆಚ್ಚುತ್ತದೆ. ಹುಲ್ಲೇ ಅಳಿದರೆ, ಬಿಟ್ಟ ಮೀನು ಹೋಗುವುದೆಲ್ಲಿಗೆ? ಅದರ ಮರಿ ಅಡಗುವುದೆಲ್ಲಿ? ಹುಲ್ಲನ್ನು ಕೊಂದವನು ಮೀನನ್ನು ಮುಟ್ಟದೆಯೇ ಕೊಂದಂತೆ. ಅವನು ಗಾಳವನ್ನು ಹಿಡಿದವನಲ್ಲ. ಕಡಲನ್ನೇ ಕಾಣದೆ ಮನೆಯಲ್ಲಿದ್ದು ಕೊಳೆಯನ್ನು ಹೊರಗೆ ಹರಿಯಬಿಟ್ಟವನೂ ಆಗಿರಬಹುದು.

ನಮ್ಮ ಅಳಿವೆಗಳಲ್ಲಿ ಸ್ಪಾರ್ಟಿನಾ ಇಲ್ಲ, ಕಾಂಡ್ಲಾ ಗಿಡಗಳಿವೆ. ಅವುಗಳ ಬೇರಿನ ನಡುವೆಯೂ ಮೀನಿನ ಮರಿಗಳೂ ಸಿಗಡಿಗಳೂ ಬೆಳೆಯುತ್ತವೆ. ಅದನ್ನು ಕೆಲಸಕ್ಕೆ ಬಾರದ ಕೆಸರುಪೊದೆಯೆಂದು ಕಡಿಯುವ ಮುನ್ನ, ಅಲ್ಲಿಗೆ ಕಸವನ್ನು ಸುರಿಯುವ ಮುನ್ನ, ಹಿರಿಯರು ಒಮ್ಮೆ ಈ ದೂರದ ಮೀನನ್ನು ನೆನೆಯಲಿ. ಮಕ್ಕಳಾದರೋ ಮುಂದಿನ ಹುಣ್ಣಿಮೆಯ ದಿನ ತಂದೆತಾಯಿಗಳೊಡನೆ ಅಳಿವೆಯ ದಡಕ್ಕೆ ಹೋಗಿ, ನೀರು ಏರುವಾಗ ಏನೇನು ಬರುವುದೆಂಬುದನ್ನು ಸುಮ್ಮನೆ ನಿಂತು ನೋಡಲಿ. ಗಾಳವಿಲ್ಲದೆಯೂ ಕಲಿಯಬಹುದಾದ ಪಾಠ ಅದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ಹುಲ್ಲುಬಯಲಿನಲ್ಲಿ ಕೆಂಪು ಮೀನಿನ ಬಾಲವು ನೀರಿನ ಮೇಲೆ ಕಾಣುವುದೇಕೆ?
೨. ಸಾಮಾನ್ಯ ಗಾಳಕ್ಕೂ ನೊಣದ ಗಾಳಕ್ಕೂ ಇರುವ ವ್ಯತ್ಯಾಸವೇನು?
೩. ಬಹಳ ಚಿಕ್ಕ ಮೀನನ್ನೂ ಬಹಳ ದೊಡ್ಡ ಮೀನನ್ನೂ ಬಿಡಬೇಕೆಂಬ ನಿಯಮದ ಕಾರಣಗಳನ್ನು ತಿಳಿಸಿರಿ.
೪. ನಿಮ್ಮ ಊರಿನ ಹೊಳೆಯಲ್ಲಿ ಅಥವಾ ಕೆರೆಯಲ್ಲಿ ಮೀನಿನ ಮರಿಗಳು ಎಲ್ಲಿ ಅಡಗಿ ಬೆಳೆಯುತ್ತವೆ? ಹಿರಿಯರನ್ನು ಕೇಳಿ ಬರೆಯಿರಿ.