ಹಿತ್ತಲಿನ ಕೋಳಿಗೆ ಕಾಯಿದೆಯ ಅಡ್ಡಿಯುಂಟೆ?

ಕೃಷ್ಣಾ ನದಿಯ ದಡದ ದೇವಸುಗೂರಿನಲ್ಲಿ ಒಂದು ಮನೆಯವರು ಹಿತ್ತಲಿನಲ್ಲಿ ನಾಲ್ಕು ಹೇಂಟೆಗಳನ್ನೂ ಒಂದು ಹುಂಜವನ್ನೂ ಸಾಕಿರುವರೆಂದು ಇಟ್ಟುಕೊಳ್ಳೋಣ. ನೆರೆಯವರು ಬಂದು, “ಅಕ್ಕಾ, ಊರೊಳಗೆ ಕೋಳಿ ಸಾಕುವುದು ಕಾಯಿದೆಗೆ ವಿರುದ್ಧ, ಮಾರಿಬಿಡಿರಿ” ಎನ್ನುತ್ತಾರೆ. ಮೊಟ್ಟೆ ಮಾರಿ ಮಗನ ಪುಸ್ತಕದ ಖರ್ಚನ್ನು ತೂಗಿಸುವ ತಾಯಿಗೆ ಇದು ಸಣ್ಣ ಮಾತಲ್ಲ. ಆ ಮಾತು ನಿಜವೆ? ಊಹೆಯಿಂದ ಉತ್ತರ ಹೇಳುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲ. ಆದುದರಿಂದ ನಾವು ಹಂತಹಂತವಾಗಿ ವಿಚಾರಿಸೋಣ.

ಮೊದಲ ಪ್ರಶ್ನೆ: ಮನೆಯು ಯಾವ ಸಂಸ್ಥೆಯ ಎಲ್ಲೆಯೊಳಗಿದೆ? ಮನೆ ಕಂದಾಯದ ರಸೀದಿಯನ್ನು ನೋಡಿದರೆ ಇದು ತಿಳಿಯುತ್ತದೆ. ಗ್ರಾಮ ಪಂಚಾಯತಿಗೆ 1993ರ ಪಂಚಾಯತ್ ರಾಜ್ ಅಧಿನಿಯಮವೂ, ಪುರಸಭೆ ನಗರಸಭೆಗಳಿಗೆ 1964ರ ಅಧಿನಿಯಮವೂ, ಮಹಾನಗರ ಪಾಲಿಕೆಗೆ 1976ರ ಅಧಿನಿಯಮವೂ ಅನ್ವಯಿಸುತ್ತವೆ. ಶಕ್ತಿನಗರದ ವಿದ್ಯುತ್ ಕೇಂದ್ರದ ವಸತಿಗೃಹವಾದರೆ ಮನೆ ಹಂಚಿಕೆಯ ಷರತ್ತುಗಳನ್ನೂ ಓದಬೇಕು.

ಎರಡನೆಯದು, ಕೋಳಿಗಳ ಸಂಖ್ಯೆ. ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರಿದ 11ನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಕೋಳಿ ಸಾಕಣೆಯನ್ನೂ ಹೆಸರಿಸಿದೆ. ಹಳ್ಳಿಯಲ್ಲಿ ಅದು ಪ್ರೋತ್ಸಾಹಿಸತಕ್ಕ ಕಸುಬೇ ಹೊರತು ತಾನಾಗಿಯೇ ಅಪರಾಧವಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ 2021ರ ಮಾರ್ಗಸೂಚಿಯಲ್ಲಿ ‘ಸಣ್ಣ ಫಾರಂ’ ಎಂಬುದೇ 5,000 ಹಕ್ಕಿಗಳ ಮೇಲೆ ಆರಂಭವಾಗುತ್ತದೆ. ನಾಲ್ಕು ಹೇಂಟೆಗಳು ಆ ಲೆಕ್ಕಕ್ಕೆ ಬಾರವು.

ಮೂರನೆಯದು, ನೆರೆಯವರಿಗಾಗುವ ಉಪದ್ರವ. ಸಾಕುವ ಹಕ್ಕಿದ್ದರೂ ಸಾರ್ವಜನಿಕರಿಗೆ ಉಪದ್ರವ ಕೊಡುವ ಹಕ್ಕು ಯಾರಿಗೂ ಇಲ್ಲ. ಇಲ್ಲಿ ಭೌತಶಾಸ್ತ್ರವು ನೆರವಾಗುತ್ತದೆ. ಬಯಲಿನಲ್ಲಿ ದೂರವು ಇಮ್ಮಡಿಯಾದಾಗ ಶಬ್ದದ ಮಟ್ಟವು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹುಂಜದ ಕೂಗು 1 ಮೀಟರಿನಲ್ಲಿ 90 ಡೆಸಿಬೆಲ್ ಎಂದು ಎಣಿಸಿದರೆ 2 ಮೀಟರಿನಲ್ಲಿ 84, 4 ಮೀಟರಿನಲ್ಲಿ 78, 8 ಮೀಟರಿನಲ್ಲಿ 72. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿಯನ್ನು ಗೊತ್ತುಮಾಡಿವೆ. ಇದು ಕಾಲಾವಧಿಯ ಸರಾಸರಿಯಾದುದರಿಂದ ಒಂದು ಕೂಗಿಗೆ ನಿಯಮಭಂಗವಾಗದು. ಆದರೂ ನಸುಕಿನಲ್ಲಿ ನೆರೆಯವರ ನಿದ್ರೆ ಕೆಡುವುದೇಕೆಂಬುದು ಸ್ಪಷ್ಟವಾಗುತ್ತದೆ. ಮೊಟ್ಟೆಯಿಡಲು ಹೇಂಟೆಗೆ ಹುಂಜವೇ ಬೇಕಿಲ್ಲ. ಮರಿ ಮಾಡಿಸಲು ಮಾತ್ರ ಬೇಕು!

ಇನ್ನು ದುರ್ವಾಸನೆ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ತೇವದಲ್ಲಿ ಬ್ಯಾಕ್ಟೀರಿಯಗಳು ವಿಘಟಿಸಿದಾಗ ಅಮೋನಿಯ ಹೊರಡುತ್ತದೆ. ಗೂಡಿನಲ್ಲಿ ಭತ್ತದ ಹೊಟ್ಟನ್ನು ಹಾಸಿ, ಒಣಗಿದಂತೆ ಇರಿಸಿ, ಆಗಾಗ ಬದಲಿಸಿದರೆ ವಾಸನೆ ತಗ್ಗುತ್ತದೆ.

ಇಷ್ಟನ್ನು ತಿಳಿದ ಮೇಲೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ, ಪಟ್ಟಣವಾದರೆ ಆರೋಗ್ಯ ಶಾಖೆಗೆ, ಬರವಣಿಗೆಯಲ್ಲಿಯೇ ಕೇಳಬೇಕು: “ಮನೆಯ ಉಪಯೋಗಕ್ಕೆ ಇಂತಿಷ್ಟು ಕೋಳಿ ಸಾಕಲು ಪರವಾನಗಿ ಬೇಕೆ? ನಿಷೇಧವಿದ್ದರೆ ಯಾವ ಉಪವಿಧಿಯ ಮೇರೆಗೆ?” ಉಪವಿಧಿಯ ಪ್ರತಿಯು ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಂತೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಡಬಹುದು, 30 ದಿನಗಳೊಳಗೆ ಉತ್ತರ ಬರಬೇಕು. ಹಕ್ಕಿಜ್ವರದ ಕಾಲದಲ್ಲಿ ಮಾತ್ರ ನಿಯಮ ಬೇರೆ. ರೋಗ ಕಂಡ ಸ್ಥಳದ ಸುತ್ತ 1 ಕಿಲೋಮೀಟರ್ ವಲಯದಲ್ಲಿ ಹಿತ್ತಲಿನ ಕೋಳಿಗಳೂ ಸರಕಾರದ ಆಜ್ಞೆಗೆ ಒಳಪಡುತ್ತವೆ.

ಹೀಗೆ ವಿಚಾರಿಸಿದಲ್ಲಿ ಆ ತಾಯಿ ಹೇಂಟೆಗಳನ್ನು ಅವಸರದಲ್ಲಿ ಮಾರಬೇಕಾಗಿಲ್ಲ. ಹುಂಜದ ವಿಷಯವನ್ನು ಮಾತ್ರ ನೆರೆಯವರೊಡನೆ ಕುಳಿತು ತೀರ್ಮಾನಿಸಿಕೊಂಡರೆ ಸಾಕು.