ಶೀತವಲ್ಲದ ಶೀತ: ಮಕ್ಕಳ ಅಲರ್ಜಿ ಮತ್ತು ಉಬ್ಬಸ

ಮಗುವಿನ ಮೂಗು ಸೋರಿದರೆ ನಾವು "ಶೀತ ಆಗಿದೆ" ಎನ್ನುತ್ತೇವೆ. ರಾತ್ರಿ ಕೆಮ್ಮಿದರೆ "ಎದೆಗೆ ಇಳಿದಿದೆ" ಎನ್ನುತ್ತೇವೆ. ಮರುದಿನದಿಂದ ಮೊಸರು, ಬಾಳೆಹಣ್ಣು ಬಂದ್. ಊರಿನಿಂದ ಅಜ್ಜಿ ಫೋನಿನಲ್ಲಿ ಮೆಣಸಿನ ಕಷಾಯ ಹೇಳುತ್ತಾರೆ. ಕಷಾಯದ ಮೇಲೆ ನಮಗೆ ಕೋಪವಿಲ್ಲ, ದೊಡ್ಡವರ ಗಂಟಲಿಗೂ ಅದು ಹಿತವೇ. ಆದರೆ ವೈರಸ್ಸಿನ ಶೀತ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹೋಗುತ್ತದೆ. ಜ್ವರವಿಲ್ಲದೆ, ಕಣ್ಣು ಮೂಗು ತುರಿಸುತ್ತಾ, ಐದಾರು ವಾರ ಬಿಡದೆ ಕಾಡುವುದು ಅಲರ್ಜಿ ಇರಬಹುದು. ಓಡಿದಾಗ, ಜೋರಾಗಿ ನಕ್ಕಾಗ, ನಡುರಾತ್ರಿ ಮತ್ತೆ ಮತ್ತೆ ಬರುವ ಕೆಮ್ಮು ಉಬ್ಬಸದ ಗುರುತಿರಬಹುದು. ಎದೆಯಲ್ಲಿ ಸುಯ್‌ಗುಡುವ ಸದ್ದು ಎಲ್ಲ ಮಕ್ಕಳಲ್ಲಿ ಕೇಳಿಸುವುದಿಲ್ಲ.

ನಮ್ಮ ಸಿಯಾಟಲ್ ಸುತ್ತಮುತ್ತ ಇದಕ್ಕೊಂದು ಕ್ಯಾಲೆಂಡರೇ ಇದೆ. ಇನ್ನೂ ಚಳಿ ಇರುವಾಗಲೇ, ಫೆಬ್ರವರಿ ಹೊತ್ತಿಗೆ, ಆಲ್ಡರ್ ಮರಗಳ ಪರಾಗ ಹಾರತೊಡಗುತ್ತದೆ, ಹಿಂದೆಯೇ ಬರ್ಚ್. ಮೇ ತಿಂಗಳಿಂದ ಜುಲೈವರೆಗೆ ಹುಲ್ಲಿನ ಸರದಿ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಮನೆಯೊಳಗೆ ಬೂಷ್ಟು ಮತ್ತು ಕಣ್ಣಿಗೆ ಕಾಣದ ಧೂಳುಹುಳುಗಳು. ಬೇಸಿಗೆಯ ಕೊನೆಗೆ ಕಾಡ್ಗಿಚ್ಚಿನ ಹೊಗೆ; 2020ರ ಸೆಪ್ಟೆಂಬರ್ ಮತ್ತು 2022ರ ಅಕ್ಟೋಬರ್‌ನಲ್ಲಿ ಊರೆಲ್ಲ ಮಬ್ಬಾಗಿದ್ದುದು ಹಲವರಿಗೆ ನೆನಪಿರಬಹುದು. ವಾಯು ಗುಣಮಟ್ಟದ ಸೂಚ್ಯಂಕ 100 ದಾಟಿದರೆ ಉಬ್ಬಸವಿರುವ ಮಕ್ಕಳ ಹೊರಗಿನ ಆಟ ಕಡಿಮೆ ಮಾಡಬೇಕು. 150 ದಾಟಿದರೆ ಎಲ್ಲರಿಗೂ ಹಾನಿ.

"ಇದೆಲ್ಲ ಈ ದೇಶದ ಹವೆಯ ಕಾಟ, ನಮ್ಮ ಊರಿನಲ್ಲಿ ಇರಲಿಲ್ಲ" ಎನ್ನುವವರಿಗೆ ಒಂದು ಮಾತು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಅಲ್ಲಿನ ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿ ದಾಖಲಿಸಿದಂತೆ, ಅವರಲ್ಲಿ ಉಬ್ಬಸವಿದ್ದವರು 1979ರಲ್ಲಿ ಶೇಕಡಾ 9, 1999ರಲ್ಲಿ ಶೇಕಡಾ 29.5. ಅಲ್ಲಿಯೂ ಇತ್ತು. ಆದರೆ "ದಮ್ಮು" ಎಂದು ಬಾಯಿಬಿಟ್ಟು ಹೇಳಲು, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಮನೆಯವರು ಹಿಂಜರಿಯುತ್ತಿದ್ದರು. ಆ ಹಿಂಜರಿಕೆ ನಮ್ಮ ಜೊತೆಗೆ ವಿಮಾನ ಹತ್ತಿ ಇಲ್ಲಿಗೂ ಬಂದಿದೆ. ಹೆಸರು ಹೇಳದ ಕಾಯಿಲೆಗೆ ಸರಿಯಾದ ಔಷಧಿ ಸಿಗುವುದಾದರೂ ಹೇಗೆ?

ಐದು ವರ್ಷ ದಾಟಿದ ಮಕ್ಕಳಿಗೆ ಕೊಳವೆಯಲ್ಲಿ ಊದಿಸಿ, ಔಷಧಿ ಕೊಟ್ಟು ಮತ್ತೆ ಊದಿಸಿ ಪರೀಕ್ಷಿಸುತ್ತಾರೆ. ಚಿಕ್ಕವರಿಗೆ ಸರಿಯಾಗಿ ಊದಲು ಬರುವುದಿಲ್ಲ. ಆಗ ಡಾಕ್ಟರು ನಂಬುವುದು ತಂದೆತಾಯಿ ಹೇಳುವ ವಿವರವನ್ನು. ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡುವಾಗ ಕೆಮ್ಮು ಬಂತೆಂದು ಬರೆದಿಡಿ. ಕೆಮ್ಮುವಾಗ ಫೋನಿನಲ್ಲಿ ವಿಡಿಯೋ ಹಿಡಿಯಿರಿ. ಅಲರ್ಜಿಗೆ ಚರ್ಮದ ಪರೀಕ್ಷೆ ಇದೆ: ಸಣ್ಣದಾಗಿ ಚುಚ್ಚಿ ಹದಿನೈದು ಇಪ್ಪತ್ತು ನಿಮಿಷ ಕಾದರೆ ಸೊಳ್ಳೆ ಕಚ್ಚಿದಂತೆ ಉಬ್ಬುತ್ತದೆ. ಅದಕ್ಕೆ ಕೆಲವು ದಿನ ಮೊದಲೇ ಸೆಟಿರಿಜಿನ್‌ನಂಥ ಮಾತ್ರೆ ನಿಲ್ಲಿಸಬೇಕು, ಎಷ್ಟು ದಿನವೆಂದು ಡಾಕ್ಟರನ್ನು ಕೇಳಿ. ಇನ್ನೊಂದು ವಿಷಯ: ಪರೀಕ್ಷೆಯಲ್ಲಿ ಉಬ್ಬಿದ ಮಾತ್ರಕ್ಕೆ ಅಲರ್ಜಿ ಎಂದಲ್ಲ. ಮಗು ಏನೂ ಆಗದೆ ತಿನ್ನುತ್ತಿದ್ದ ಬೇಳೆ, ಹಾಲು, ಗೋಧಿಯನ್ನು ಬರೀ ಪರೀಕ್ಷೆಯ ಪಟ್ಟಿ ನೋಡಿ ನಿಲ್ಲಿಸಬೇಡಿ.

ನಮ್ಮಲ್ಲಿ ಹೆಚ್ಚು ಭಯ ಇನ್‌ಹೇಲರ್ ಮೇಲೆ. "ಒಮ್ಮೆ ಹಿಡಿದರೆ ಬಿಡುವುದಿಲ್ಲ" ಎಂಬ ಮಾತು ಕೇಳುತ್ತಲೇ ಇರುತ್ತೇವೆ. ಅದು ಚಟ ಹಿಡಿಸುವ ಔಷಧಿಯಲ್ಲ. ಎರಡು ಬಗೆ ಇವೆ. ಉಸಿರು ಕಟ್ಟಿದಾಗ ನಾಳಗಳನ್ನು ತೆರೆಯುವುದು ಒಂದು: ಇಲ್ಲಿ ಆಲ್ಬ್ಯುಟೆರಾಲ್, ಊರಿನಲ್ಲಿ ಸಾಲ್ಬ್ಯುಟಮಾಲ್, ಎರಡೂ ಒಂದೇ ಔಷಧಿ. ಒಳಗಿನ ಊತವನ್ನು ಇಳಿಸುವ ಸ್ಟೀರಾಯ್ಡ್ ಇನ್ನೊಂದು. ಅದನ್ನು ಬರೆದುಕೊಟ್ಟಿದ್ದರೆ ಮಗು ಚೆನ್ನಾಗಿದ್ದಾಗಲೂ ಹೇಳಿದಂತೆ ಕೊಡಬೇಕು. ದಿನವೂ ತೆಗೆದುಕೊಳ್ಳುವ ಕೆಲವು ಮಕ್ಕಳ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು, ಇದನ್ನು ಮುಚ್ಚಿಡುವುದು ಬೇಡ. ಆದರೆ ಹತೋಟಿ ತಪ್ಪಿದ ಉಬ್ಬಸ ಜೀವವನ್ನೇ ತೆಗೆಯಬಲ್ಲದು. ಸ್ಪೇಸರ್ ಕೊಳವೆ ಇಟ್ಟೇ ಕೊಡಿ, ಇಲ್ಲವಾದರೆ ಬಹುಪಾಲು ಔಷಧಿ ಬಾಯಲ್ಲೇ ಉಳಿಯುತ್ತದೆ. ಸ್ಟೀರಾಯ್ಡ್ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಲು ಹೇಳಿ.

ಮನೆಯ ಮಟ್ಟಿಗೆ ನಮ್ಮ ಊರಿನದೇ ಒಂದು ಉದಾಹರಣೆ ಇದೆ. ಸಿಯಾಟಲ್-ಕಿಂಗ್ ಕೌಂಟಿಯ ಆರೋಗ್ಯಕರ ಮನೆಗಳ ಯೋಜನೆಯಲ್ಲಿ ಉಬ್ಬಸವಿರುವ ಮಕ್ಕಳಿದ್ದ 274 ಬಡ ಕುಟುಂಬಗಳನ್ನು ಸೇರಿಸಿಕೊಂಡು, ಆರೋಗ್ಯ ಕಾರ್ಯಕರ್ತರು ಮನೆಗಳಿಗೆ ಹೋದರು. ಕೆಲವರಿಗೆ ಒಂದೇ ಭೇಟಿ. ಕೆಲವರಿಗೆ ಹಲವು ಭೇಟಿಗಳ ಜೊತೆಗೆ ಹಾಸಿಗೆಗೆ ಹುಳು ನುಸುಳದ ಹೊದಿಕೆಯಂಥ ಸಾಮಾನು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹಲವು ಭೇಟಿ ಪಡೆದ ಮನೆಗಳ ಮಕ್ಕಳು ತುರ್ತು ಚಿಕಿತ್ಸೆಗೆ ಓಡುವುದು ಹೆಚ್ಚು ಕಡಿಮೆಯಾಗಿತ್ತು. ನಾವೂ ಮಾಡಬಹುದಾದ ಕೆಲಸವೇ: ಹೊದಿಕೆ ಹಾಕುವುದು, ವಾರಕ್ಕೊಮ್ಮೆ ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಸ್ನಾನದ ಕೋಣೆಯ ಫ್ಯಾನ್ ಹಾಕುವುದು. ಜೊತೆಗೆ ನಮ್ಮವೇ ಆದ ಎರಡು ಸಂಗತಿ: ಊದಿನಕಡ್ಡಿ, ಸಾಂಬ್ರಾಣಿಯ ಹೊಗೆ ಮತ್ತು ಒಣಮೆಣಸಿನಕಾಯಿ ಒಗ್ಗರಣೆಯ ಘಾಟು. ದೇವರಿಗೆ ತುಪ್ಪದ ದೀಪ, ಹೂವು ಸಾಕು. ಒಲೆಯ ಮೇಲಿನ ಫ್ಯಾನ್ ಒಗ್ಗರಣೆಗೆ ಮುಂಚೆಯೇ ಹಾಕಿ, ಅದು ಹೊಗೆಯನ್ನು ಹೊರಗೆ ಬಿಡುತ್ತದೆಯೇ ಎಂದೂ ನೋಡಿ. ಮೊಸರನ್ನು ಬಿಡಿಸುವ ಮೊದಲು ದಿಂಬನ್ನು ನೋಡಿ ಎನ್ನುವುದು ನಮ್ಮ ಸಲಹೆ.

ವಾಷಿಂಗ್ಟನ್ ರಾಜ್ಯದಲ್ಲಿ 2005ರ ಕಾನೂನಿನಂತೆ ಉಬ್ಬಸದ ಮಕ್ಕಳು ಡಾಕ್ಟರ ಲಿಖಿತ ಯೋಜನೆಯೊಂದಿಗೆ ತಮ್ಮ ಇನ್‌ಹೇಲರನ್ನು ಶಾಲೆಯಲ್ಲಿ ತಾವೇ ಇಟ್ಟುಕೊಂಡು ಬಳಸಬಹುದು. ಅಲ್ಲಿ ನರ್ಸ್ ನೆರವೂ ಇರುತ್ತದೆ. ನಮ್ಮಂಥ ವಾರಾಂತ್ಯದ ತರಗತಿಗಳಲ್ಲಿ ಪಾಠ ಹೇಳುವವರೂ ತಂದೆತಾಯಂದಿರೇ. ಆದ್ದರಿಂದ ಆ ಯೋಜನೆಯ ಒಂದು ಪ್ರತಿಯನ್ನು ಟೀಚರ್ ಕೈಗೆ ಕೊಟ್ಟು, ಇನ್‌ಹೇಲರ್, ಸ್ಪೇಸರ್ ಮಗುವಿನ ಚೀಲದ ಯಾವ ಜೇಬಿನಲ್ಲಿದೆ ಎಂದು ತೋರಿಸಿ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚುವಾಗ ಎಳ್ಳು, ಕಡಲೆಕಾಯಿ ಅಲರ್ಜಿ ಯಾರಿಗಿದೆ ಎಂದು ಮೊದಲೇ ಕೇಳೋಣ. ಮಗು ಒಂದು ವಾಕ್ಯ ಪೂರ್ತಿ ಮಾತಾಡಲಾಗದೆ ಏದುಸಿರು ಬಿಡುತ್ತಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಇನ್‌ಹೇಲರ್ ಕೊಡುತ್ತಲೇ 911ಕ್ಕೆ ಕರೆ ಮಾಡಿ; ತಂದೆತಾಯಿಗೆ ಫೋನ್ ಆಮೇಲೆ.